ಕೀ ಸಿಕ್ಕಿದವ್ರಿಗೆ ಮಾತ್ರ ಬಹುಮಾನ ಕೊಟ್ರೆ ಉಳಿದವ್ರು ಯಾಕೆ ದುಡೀಬೇಕು?

ಪ್ರಶ್ನೆ: ನಾವು ಒಂದಷ್ಟು ಜನ ಸೇರಿ ಕಲಿಯೋಕೆ ಅಂತ ಒಂದು ಪ್ರಯೋಗ ಮಾಡ್ತಾ ಇದೀವಿ. ಡಿಇಎಸ್ ಅನ್ನೋ ಹಳೇ ಸೈಫರ್‌ನಲ್ಲಿ (ಗುಪ್ತಲಿಪಿ ವಿಧಾನ), 56 ಬಿಟ್ ಕೀ, ಅಂದ್ರೆ 56 ಸೊನ್ನೆ-ಒಂದುಗಳ ಒಂದು ಗುಟ್ಟಿನ ಸಂಖ್ಯೆ ಹಾಕಿ, ಒಂದು ಮೆಸೇಜನ್ನ ಎನ್‌ಕ್ರಿಪ್ಟ್ ಮಾಡಿ ಕೀನ ಅಳಿಸಿ ಹಾಕಿದೀವಿ. ಅದನ್ನ ಸ್ವಯಂಸೇವಕರ ಕಂಪ್ಯೂಟರ್‌ಗಳು ಸುಮ್ನೆ ಕೂತಿರೋ ಹೊತ್ತಲ್ಲಿ ಹುಡುಕಿಸ್ಬೇಕು. ಸುಮಾರು 300 ಜನ ಬರ್ಬೋದು, ಸ್ವಲ್ಪ ಬಹುಮಾನದ ಹಣಾನೂ ಇದೆ. ಕೀ ಸಿಕ್ಕಿದವ್ರಿಗೆ ಪೂರ್ತಿ ಕೊಡೋದಾ, ಎಲ್ರಿಗೂ ಹಂಚೋದಾ? ಕೆಲಸ ಮಾಡ್ದೇನೇ ಮಾಡಿದೀನಿ ಅಂತ ಯಾರಾದ್ರೂ ಹೇಳಿದ್ರೆ ಗೊತ್ತಾಗೋದು ಹೇಗೆ?

ಉತ್ತರ: ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಸಿಕ್ಕಿದ್ರೆ ಮೊದಲನೇದಕ್ಕೆ ಅರ್ಧ ಉತ್ತರ ತಾನಾಗೇ ಸಿಗುತ್ತೆ, ಹಾಗಾಗಿ ಅಲ್ಲಿಂದಾನೇ ಹಿಡ್ಕೊಂಡು ಬರ್ತೀನಿ.

ಒಂದು ದೊಡ್ಡ ಬೀಗದ ಕೈ ಗೊಂಚಲು ಇದೆ ಅಂತ ಇಟ್ಕೊಳ್ಳಿ. 56 ಬಿಟ್ ಅಂದ್ರೆ ಆ ಗೊಂಚಲಲ್ಲಿ 72,057,594,037,927,936 ಕೀಗಳು. ಅದನ್ನ ಚಿಕ್ಕ ಚಿಕ್ಕ ಗೊಂಚಲು ಮಾಡಿ ಜನಕ್ಕೆ ಹಂಚ್ತೀರ, ಒಬ್ಬೊಬ್ರೂ ತಮ್ಮ ಗೊಂಚಲನ್ನ ಒಂದೊಂದಾಗಿ ಹಾಕಿ ನೋಡಿ ವಾಪಸ್ ಬಂದು ಹೇಳ್ತಾರೆ. ಏನಂತ? ಒಬ್ರನ್ನ ಬಿಟ್ಟು ಉಳಿದ ಎಲ್ರೂ ಹೇಳೋದು ಒಂದೇ ಮಾತು, ‘ನನ್ನ ಗೊಂಚಲಲ್ಲಿ ಇಲ್ಲ.’ ಇದನ್ನ ನಾನು ಯಾರು ಕೇಳಿದ್ರೂ ಮೊದ್ಲು ಹೇಳ್ತೀನಿ, ನೀವು ಬಹುಮಾನ ಕೊಟ್ಟು ಕೊಳ್ತಾ ಇರೋದು ಕೀನ ಅಲ್ಲ, ಪ್ರಾಮಾಣಿಕವಾದ ‘ಇಲ್ಲ’ಗಳನ್ನ. ಕೀ ಸಿಕ್ಕಿದವನು ಬೇರೆಯವ್ರಿಗಿಂತ ಒಂದು ಚೂರೂ ಜಾಸ್ತಿ ಕೆಲಸ ಮಾಡಿರಲ್ಲ, ಅವನ ಪಾಲಿಗೆ ಆ ಗೊಂಚಲು ಬಂದಿತ್ತು ಅಷ್ಟೇ. ಆದ್ರೆ ‘ಇಲ್ಲ’ ಅಂದವ್ರಲ್ಲಿ ಒಬ್ಬ ನೋಡ್ದೇನೇ ‘ಇಲ್ಲ’ ಅಂದಿದ್ರೆ, ಕೀ ಅದೇ ಗೊಂಚಲಲ್ಲೇ ಇದ್ರೆ, ನೀವು ಪೂರ್ತಿ ಹುಡುಕಿ ಮುಗಿಸಿದ್ಮೇಲೂ ಏನೂ ಸಿಗಲ್ಲ, ಯಾರು ಸುಳ್ಳು ಹೇಳಿದ್ದು ಅಂತಾನೂ ಗೊತ್ತಾಗಲ್ಲ, ಎಲ್ಲಾ ಮತ್ತೆ ಮೊದ್ಲಿಂದ ಶುರು ಮಾಡ್ಬೇಕು. ಒಬ್ಬನ ಸೋಮಾರಿತನ 299 ಜನರ ದುಡಿಮೆಯನ್ನ ನೀರಲ್ಲಿ ಹೋಮ ಮಾಡಿಬಿಡುತ್ತೆ.

ಈ ವಿಷಯದಲ್ಲಿ 1994ರಲ್ಲಿ ನಡೆದ ಆರ್‌ಎಸ್‌ಎ-129 ಕೆಲಸ ಸ್ವಲ್ಪ ಸುಲಭದ್ದಾಗಿತ್ತು. 1977ರಲ್ಲಿ ಆರ್‌ಎಸ್‌ಎ ಅನ್ನೋ ಸೈಫರ್ ಮಾಡಿದ ರಿವೆಸ್ಟ್, ಶಮೀರ್, ಆಡಲ್‌ಮನ್ 129 ಅಂಕಿಯ ಒಂದು ಸಂಖ್ಯೆ ಕೊಟ್ಟು, ಇದನ್ನ ಅಪವರ್ತನ ಮಾಡಿ ಒಳಗಿನ ಮೆಸೇಜ್ ಓದಿದವ್ರಿಗೆ 100 ಡಾಲರ್ ಅಂದಿದ್ರು. 17 ವರ್ಷ ಆದ್ಮೇಲೆ ಅಟ್ಕಿನ್ಸ್, ಗ್ರಾಫ್, ಲೆನ್‌ಸ್ಟ್ರಾ, ಲೇಲ್ಯಾಂಡ್ ನಾಲ್ಕು ಜನ ಮುಂದೆ ನಿಂತು ಸುಮಾರು 600 ಸ್ವಯಂಸೇವಕರನ್ನ ಸೇರಿಸಿ 1,600 ಮಷೀನ್ ಓಡಿಸಿದ್ರು (ಅದ್ರಲ್ಲಿ ಎರಡು ಫ್ಯಾಕ್ಸ್ ಮಷೀನೂ ಇತ್ತು!), ಎಂಟು ತಿಂಗಳಲ್ಲಿ ಒಡೆದ್ರು. ಅಲ್ಲಿ ಸ್ವಯಂಸೇವಕ ವಾಪಸ್ ಕಳಿಸ್ತಾ ಇದ್ದಿದ್ದು ‘ಇಲ್ಲ’ ಅನ್ನೋ ಮಾತಲ್ಲ, ಗಣಿತದ ಒಂದು ಸಮೀಕರಣದ ತುಣುಕು, ಅದು ಸರಿಯೋ ತಪ್ಪೋ ಅಂತ ಕ್ಷಣದಲ್ಲಿ ಚೆಕ್ ಮಾಡ್ಬೋದು, ಇಲ್ಲದ್ದನ್ನ ಸೃಷ್ಟಿ ಮಾಡೋಕೆ ಆಗಲ್ಲ. ಯಾರು ಎಷ್ಟು ಕಳಿಸಿದ್ರೋ ಅಷ್ಟೇ ಅವ್ರ ಕೆಲಸ, ಲೆಕ್ಕ ಮುಗೀತು. ಆ 100 ಡಾಲರ್‌ನ ಯಾರೂ ಹಂಚ್ಕೊಳ್ಳೋಕೆ ಹೋಗ್ಲಿಲ್ಲ, ಫ್ರೀ ಸಾಫ್ಟ್‌ವೇರ್ ಫೌಂಡೇಷನ್‌ಗೆ ಕೊಟ್ಟುಬಿಟ್ರು. ಕೀ ಹುಡುಕೋ ಕೆಲಸದಲ್ಲಿ ಈ ಅನುಕೂಲ ಹುಟ್ಟಿನಿಂದ ಬಂದಿಲ್ಲ, ನಾವೇ ಅದನ್ನ ಕಟ್ಟಬೇಕು.

ಕಟ್ಟೋದು ಹೇಗೆ ಅಂತ ನಿಧಾನವಾಗಿ ಹೇಳ್ತೀನಿ, ಇದೇ ನಿಮಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬರೋ ಭಾಗ.

ಡಿಇಎಸ್ ಒಂದು ಸಲಕ್ಕೆ 64 ಬಿಟ್‌ನ ಒಂದು ಬ್ಲಾಕ್ ತಗೊಳ್ಳುತ್ತೆ. ನಿಮಗೆ ಮೊದಲನೇ ಬ್ಲಾಕ್ ಬಿಚ್ಚಿದ್ರೆ ಒಳಗೆ ಏನಿರಬೇಕು ಅಂತ 64 ಬಿಟ್ಟೂ ಗೊತ್ತು. ಅಷ್ಟನ್ನೂ ಕ್ಲೈಂಟ್‌ಗೆ, ಅಂದ್ರೆ ಸ್ವಯಂಸೇವಕರ ಕಂಪ್ಯೂಟರಲ್ಲಿ ಓಡೋ ಪ್ರೋಗ್ರಾಮಿಗೆ ಕೊಡ್ಬೇಡಿ, ಮೊದಲ 28 ಬಿಟ್ ಮಾತ್ರ ಕೊಡಿ. ಕೀ ಹಾಕಿ ಬಿಚ್ಚಿದಾಗ ಆ 28 ಬಿಟ್ ಹೊಂದಿಕೆಯಾದ್ರೆ ಆ ಕೀನ ಸರ್ವರಿಗೆ, ಅಂದ್ರೆ ಕೆಲಸ ಹಂಚೋ ನಿಮ್ಮ ಮುಖ್ಯ ಕಂಪ್ಯೂಟರಿಗೆ ಕಳಿಸು ಅಂತ ಕ್ಲೈಂಟಿಗೆ ಹೇಳಿ. ತಪ್ಪು ಕೀ ಆದ್ರೂ ಸುಮಾರು 27 ಕೋಟಿಗೆ ಒಂದು ಸಲ ಕಾಕತಾಳೀಯವಾಗಿ 28 ಬಿಟ್ ಹೊಂದ್ಕೊಳ್ಳುತ್ತೆ, ಇದನ್ನ ಹಿಟ್ ಅಂತ ಕರೆಯೋಣ. ಈಗ ಒಂದು ಗೊಂಚಲಿಗೆ 2ರ 36ನೇ ಘಾತ, ಅಂದ್ರೆ ಸುಮಾರು 6,870 ಕೋಟಿ ಕೀ ಅಂತ ಇಟ್ರೆ, ನಿಯತ್ತಾಗಿ ಪೂರ್ತಿ ನೋಡಿದವ್ರಿಗೆ ಸರಾಸರಿ 256 ಹಿಟ್ ಸಿಗಬೇಕು. ಆಚೆ ಈಚೆ ಆಗುತ್ತೆ, ಸಾಮಾನ್ಯವಾಗಿ 16ರಷ್ಟು ಹೆಚ್ಚು ಕಮ್ಮಿ. ಅರ್ಧ ನೋಡಿ ಬಿಟ್ಟವನಿಗೆ 128ರ ಆಸುಪಾಸು ಬರುತ್ತೆ, ಅಲ್ಲೇ ಸಿಕ್ಕಿಬೀಳ್ತಾನೆ. ನೂರಕ್ಕೆ ಹತ್ತು ಭಾಗ ಮಾತ್ರ ಕದ್ದವನು ಒಂದು ಗೊಂಚಲಲ್ಲಿ 230 ತೋರಿಸಿ ತಪ್ಪಿಸ್ಕೊಳ್ಬೋದು, ಆದ್ರೆ ಅದೇ ಚಾಳಿ ನೂರು ಗೊಂಚಲಿಗೆ ಮುಂದುವರಿಸಿದ್ರೆ 25,600 ಬರಬೇಕಾದ ಕಡೆ 23,040 ಬಂದಿರುತ್ತೆ, ಅಲ್ಲಿ ಸಹಜ ಏರುಪೇರು 160 ಮಾತ್ರ, ಹಾಗಾಗಿ ಅನುಮಾನಕ್ಕೆ ಜಾಗಾನೇ ಇಲ್ಲ. ಹಿಟ್‌ಗಳನ್ನ ಸುಳ್ಳು ಸುಳ್ಳೇ ಬರೆದು ಕಳಿಸೋಕೂ ಆಗಲ್ಲ, ಯಾಕಂದ್ರೆ ಸರ್ವರ್ ಪ್ರತಿ ಹಿಟ್ಟನ್ನೂ ಒಂದು ಸಲ ಬಿಚ್ಚಿ ನೋಡುತ್ತೆ, ಸರ್ವರಿಗೆ ಅದು ಏನೇನೂ ಭಾರ ಅಲ್ಲ. ಇನ್ನೊಬ್ರ ಹಿಟ್ ಕದ್ದು ಕಳಿಸೋಕೂ ಆಗಲ್ಲ, ಅದು ಇವನ ಗೊಂಚಲಿನ ಒಳಗೆ ಬರಲ್ಲ.

ನೋಡಿ, ‘ಇಲ್ಲ’ ಅನ್ನೋ ಮಾತಿಗೆ ಈಗ ಸಾಕ್ಷಿ ಬಂತು. ಬಿಟ್‌ಕಾಯಿನ್ ಮೈನಿಂಗ್ ಪೂಲ್‌ಗಳಲ್ಲಿ, ಅಂದ್ರೆ ಬಿಟ್‌ಕಾಯಿನ್ ಗಳಿಸೋಕೆ ಒಟ್ಟಾಗಿ ಕಂಪ್ಯೂಟರ್ ಓಡಿಸೋ ಗುಂಪುಗಳಲ್ಲಿ, ಶೇರ್ ಅಂತ ಲೆಕ್ಕ ಹಾಕ್ತಾರಲ್ಲ, ಅದ್ರ ಹಿಂದಿರೋ ಯೋಚನೆ ಇದೇ, ಪೂರ್ತಿ ಗೆದ್ದಿಲ್ಲ ಆದ್ರೆ ಗೆಲುವಿನ ಹತ್ರ ಬಂದಿದ್ದನ್ನ ತೋರಿಸಿ ಕೂಲಿ ತಗೊಳ್ಳೋದು.

ಇದ್ರಿಂದ ಇನ್ನೂ ಒಂದು ದೊಡ್ಡ ಲಾಭ ಇದೆ, ತುಂಬಾ ಜನ ಇದನ್ನ ಗಮನಿಸಲ್ಲ. ಕ್ಲೈಂಟಿಗೆ 28 ಬಿಟ್ ಮಾತ್ರ ಗೊತ್ತಿರೋದ್ರಿಂದ ತಾನು ಕಳಿಸಿದ 256ರಲ್ಲಿ ನಿಜವಾದ ಕೀ ಯಾವ್ದು ಅಂತ ಅದಕ್ಕೇ ಗೊತ್ತಿರಲ್ಲ! ಹಾಗಾಗಿ ಕೀ ಸಿಕ್ಕಿದವನು ಅದನ್ನ ಮುಚ್ಚಿಟ್ಕೊಂಡು ತಾನೊಬ್ಬನೇ ಬಹುಮಾನ ಹೊಡ್ಕೊಳ್ಳೋಕೆ ದಾರಿ ಇಲ್ಲ, ಬೇಕಂತ ಬಚ್ಚಿಟ್ಟು ನಿಮ್ಮ ಕೆಲಸ ಹಾಳು ಮಾಡೋಕೂ ದಾರಿ ಇಲ್ಲ. ಆದ್ರೆ ಇಲ್ಲಿ ಒಂದು ಎಚ್ಚರ. ಆ ಮೊದಲನೇ ಬ್ಲಾಕಲ್ಲಿ ಓದೋಕೆ ಬರೋ ಅಕ್ಷರ ಇದ್ರೆ ಆಟ ಕೆಟ್ಟುಹೋಗುತ್ತೆ, ಉಳಿದ ಬಿಟ್‌ಗಳಲ್ಲಿ ಅಕ್ಷರ ಕಂಡ ತಕ್ಷಣ ‘ಓಹೋ ಇದೇ ಕೀ’ ಅಂತ ಯಾರು ಬೇಕಾದ್ರೂ ಹೇಳ್ತಾರೆ. ಅದಕ್ಕೆ ಮೊದಲ ಬ್ಲಾಕಲ್ಲಿ ಬರೀ ರ‍್ಯಾಂಡಮ್ ಬಿಟ್‌ಗಳನ್ನ ತುಂಬಿ, ಆಮೇಲಿನ ಬ್ಲಾಕ್‌ಗಳಲ್ಲಿ ಮೆಸೇಜ್ ಇಡಿ, ಆ ಆಮೇಲಿನ ಬ್ಲಾಕ್‌ಗಳನ್ನ ಕೀ ಸಿಗೋವರೆಗೂ ಹೊರಗೆ ಬಿಡ್ಬೇಡಿ. ನೀವು ಈಗಾಗ್ಲೇ ಎನ್‌ಕ್ರಿಪ್ಟ್ ಮಾಡಿ ಇಟ್ಟಿದೀವಿ ಅಂತೀರ, ದಯವಿಟ್ಟು ಅದನ್ನ ಪಕ್ಕಕ್ಕಿಟ್ಟು ಹೊಸದಾಗಿ ಮಾಡಿ, ಒಂದು ಸಂಜೆಯ ಕೆಲಸ ಅಷ್ಟೇ.

1997ರ ಜನವರಿಯಲ್ಲಿ ಆರ್‌ಎಸ್‌ಎ ಕಂಪನಿ ಇಟ್ಟ ಸ್ಪರ್ಧೆಗಳಲ್ಲಿ ಈ ಅನುಕೂಲ ಇರ್ಲಿಲ್ಲ. ಅಲ್ಲಿ ಮೆಸೇಜಿನ ಶುರು ಏನು ಅಂತ ಇಡೀ ಪ್ರಪಂಚಕ್ಕೇ ಗೊತ್ತಿತ್ತು, ‘ಗೊತ್ತಿಲ್ಲದ ಸಂದೇಶ ಹೀಗಿದೆ’ ಅನ್ನೋ ಅರ್ಥದ ಇಂಗ್ಲಿಷ್ ಸಾಲು. ಬಹುಮಾನ 10,000 ಡಾಲರ್. ಕೀ ಸಿಕ್ಕಿದವನು ಗುಂಪನ್ನ ಬಿಟ್ಟು ನೇರವಾಗಿ ಆರ್‌ಎಸ್‌ಎಗೆ ಕಳಿಸಿದ್ರೆ ಪೂರ್ತಿ ದುಡ್ಡು ಅವನದ್ದೇ. ಆಗ ಗುಂಪುಗಳು ಏನು ಮಾಡಿದ್ವು ಅನ್ನೋದು ನಿಮ್ಮ ಮೊದಲನೇ ಪ್ರಶ್ನೆಗೆ ಸಂಬಂಧಪಟ್ಟಿದ್ದು. ರಾಕ್ ವರ್ಸರ್ ಶುರು ಮಾಡಿದ ಡೆಸ್‌ಚಾಲ್ ಗುಂಪು ಮೊದ್ಲೇ ಹೇಳಿಬಿಟ್ಟಿತ್ತು, ಕೀ ಸಿಕ್ಕಿದವ್ರಿಗೆ 4,000, ಪ್ರೋಗ್ರಾಮ್ ಬರೆದು ಎಲ್ಲಾ ನಡೆಸಿದ ವರ್ಸರ್‌ಗೆ 6,000. ಜೂನ್‌ನಲ್ಲಿ ನಾಲ್ಕನೇ ಒಂದು ಭಾಗ ಹುಡುಕೋ ಹೊತ್ತಿಗೇ ಒಂದು ಸಾಧಾರಣ 90 ಮೆಗಾಹರ್ಟ್ಸ್ ಪೆಂಟಿಯಮ್‌ಗೆ ಕೀ ಸಿಕ್ತು, ಒಳಗಿದ್ದ ಮಾತಿನ ಅರ್ಥ, ಗಟ್ಟಿ ಕ್ರಿಪ್ಟೋಗ್ರಫಿ ಇದ್ರೆ ಪ್ರಪಂಚ ಹೆಚ್ಚು ಸುರಕ್ಷಿತ ಅಂತ. ಅದೇ ವರ್ಷ ಡಿಸ್ಟ್ರಿಬ್ಯೂಟೆಡ್ ಡಾಟ್ ನೆಟ್ ಅನ್ನೋ ಗುಂಪು ಆರ್‌ಸಿ5 ಅನ್ನೋ ಇನ್ನೊಂದು ಸೈಫರ್‌ನ 56 ಬಿಟ್ ಕೀ ಹುಡುಕಿತು, ಅವ್ರು ಪೂರ್ತಿ ಬೇರೆ ಥರ ಹಂಚಿದ್ರು. ಕೀ ಸಿಕ್ಕಿದವ್ರಿಗೆ 1,000, ಗುಂಪಿನ ಖರ್ಚಿಗೆ 1,000, ಉಳಿದ 8,000 ಉಚಿತವಾಗಿ ಪುಸ್ತಕ ಕೊಡೋ ಪ್ರಾಜೆಕ್ಟ್ ಗುಟೆನ್‌ಬರ್ಗ್‌ಗೆ.

ನನಗೆ ಎರಡನೇದೇ ಸರಿ ಅನ್ಸುತ್ತೆ, ಆದ್ರೂ ಮೊದಲನೇದ್ರಲ್ಲೂ ಒಂದು ವಿವೇಕ ಇದೆ, ಅದನ್ನ ಅಲ್ಲಗಳೆಯೋಕಾಗಲ್ಲ. ಕೀ ಕದ್ದುಕೊಂಡು ಓಡಿಹೋಗೋ ಆಸೆ 10,000ದ್ದು, ನೀವು ಅದಕ್ಕೆ ಎದುರಾಗಿ ನಿಯತ್ತಿಗೆ ಎಷ್ಟು ಕೊಡ್ತೀರ ಅನ್ನೋದು ಪ್ರಶ್ನೆ, 4,000 ಅಂದ್ರೆ ಸ್ವಲ್ಪ ತಡೆಯುತ್ತೆ, 1,000 ಅಂದ್ರೆ ಕಮ್ಮಿ ತಡೆಯುತ್ತೆ. ಡಿಸ್ಟ್ರಿಬ್ಯೂಟೆಡ್ ಡಾಟ್ ನೆಟ್‌ನವ್ರು ಅದನ್ನ ಬೇರೆ ರೀತಿ ಸರಿದೂಗಿಸಿದ್ರು, ಸರ್ವರ್ ಜೊತೆ ಮಾತಾಡೋ ಭಾಗದ ಸೋರ್ಸ್ ಕೋಡ್‌ನ ಹೊರಗೆ ಬಿಡ್ಲಿಲ್ಲ, ಇದ್ರ ಬಗ್ಗೆ ಆಗ ಬೈದವ್ರೂ ಇದಾರೆ. ನಿಮಗೆ ಮೇಲೆ ಹೇಳಿದ 28 ಬಿಟ್ ಉಪಾಯ ಇರೋದ್ರಿಂದ ಈ ತಲೆನೋವೇ ಇಲ್ಲ, ಕೋಡ್ ಪೂರ್ತಿ ತೆರೆದಿಡಿ, ಜನ ತಮ್ಮ ಕಂಪ್ಯೂಟರಲ್ಲಿ ಏನು ಓಡ್ತಿದೆ ಅಂತ ನೋಡ್ಕೊಳ್ಳಲಿ, ಅದು ಅವ್ರ ಹಕ್ಕು ಕೂಡ.

ಈಗ ಎಲ್ರಿಗೂ ಸಮನಾಗಿ ಹಂಚೋ ಮಾತು. ಆರ್‌ಸಿ5ನ 64 ಬಿಟ್ ಕೀ ಹುಡುಕೋಕೆ 1,757 ದಿನ ಆಯ್ತು, 331,252 ಜನ ಸೇರಿದ್ರು. 10,000 ಡಾಲರ್‌ನ ಅಷ್ಟು ಜನಕ್ಕೆ ಭಾಗ ಮಾಡಿದ್ರೆ ತಲೆಗೆ ಮೂರು ಸೆಂಟ್. ಒಂದು ಕಂಪ್ಯೂಟರ್ ಈ ಕೆಲಸಕ್ಕೆ ಅಂತ 100 ವ್ಯಾಟ್ ಜಾಸ್ತಿ ತಗೊಂಡ್ರೆ ದಿನಕ್ಕೆ 2.4 ಯೂನಿಟ್, 1,757 ದಿನಕ್ಕೆ 4,200 ಯೂನಿಟ್ ಮೇಲಾಗುತ್ತೆ. ಯಾವ ದೇಶದ ಕರೆಂಟ್ ರೇಟ್ ಹಾಕಿದ್ರೂ ಆ ಮೂರು ಸೆಂಟ್ ಜೊತೆ ಹೋಲಿಸೋಕೇ ಆಗಲ್ಲ. ಆದ್ರೂ ಜನ ನಾಲ್ಕೂಮುಕ್ಕಾಲು ವರ್ಷ ಓಡಿಸಿದ್ರು! ಹಣಕ್ಕಲ್ಲ ಅನ್ನೋದು ಇದ್ರಿಂದಾನೇ ಗೊತ್ತಾಗುತ್ತೆ. ಅಮೆರಿಕದ ಸರ್ಕಾರ ಆಗ ಗಟ್ಟಿ ಎನ್‌ಕ್ರಿಪ್ಷನ್‌ನ ಹೊರದೇಶಕ್ಕೆ ಕಳಿಸೋಕೆ ಬಿಡ್ತಾ ಇರ್ಲಿಲ್ಲ, 56 ಬಿಟ್ ಸಾಕು ಅನ್ನೋ ವಾದ ನಡೀತಿತ್ತು, ಸಾಕಾಗಲ್ಲ ಅಂತ ತೋರಿಸೋದು ಆ ಜನಕ್ಕೆ ಮುಖ್ಯವಾಗಿತ್ತು. ಜೊತೆಗೆ ದಿನಾ ಬೆಳಗ್ಗೆ ಎದ್ದು ನನ್ನ ಟೀಮ್ ಎಷ್ಟನೇ ಜಾಗದಲ್ಲಿದೆ ಅಂತ ನೋಡೋ ಖುಷಿ. ನಾನೂ ಇಂಥ ಕ್ಲೈಂಟ್‌ಗಳನ್ನ ಹಲವು ವರ್ಷ ಓಡಿಸಿದೀನಿ, ಬಹುಮಾನ ಎಷ್ಟು ಅಂತ ಕೇಳಿದ್ರೆ ಆಗ ಹೇಳ್ತಾ ಇರ್ಲಿಲ್ವೇನೋ, ಆದ್ರೆ ನೆನ್ನೆಗಿಂತ ಎಷ್ಟು ಸ್ಥಾನ ಮೇಲೆ ಹೋಗಿದೀನಿ ಅಂತ ಥಟ್ ಅಂತ ಹೇಳ್ತಿದ್ದೆ.

ಹಾಗಾಗಿ ನಿಮ್ಮ ಹಣನ ಹೀಗೆ ಮಾಡಿ ಅಂತೀನಿ. ಹತ್ತನೇ ಒಂದು ಭಾಗ ಕೀ ಸಿಕ್ಕಿದವ್ರಿಗೆ, ಅದೃಷ್ಟಕ್ಕೆ ಒಂದು ಸಣ್ಣ ಸಿಹಿ ಇರ್ಲಿ, ಅದು ಇಲ್ದಿದ್ರೆ ಕುತೂಹಲ ಸಪ್ಪೆ ಆಗುತ್ತೆ. ಉಳಿದಿದ್ದಕ್ಕೆ ಎರಡು ದಾರಿ, ಒಂದು, ಯಾವ್ದಾದ್ರೂ ಒಳ್ಳೇ ಕೆಲಸಕ್ಕೆ ಕೊಡೋದು, ಯಾವುದಕ್ಕೆ ಅಂತ ಸ್ವಯಂಸೇವಕರೇ ವೋಟ್ ಹಾಕಿ ತೀರ್ಮಾನ ಮಾಡ್ಲಿ. ಇನ್ನೊಂದು, ಪ್ರತಿ ಹಿಟ್ಟೂ ಒಂದು ಚೀಟಿ ಅಂತ ಲೆಕ್ಕ ಹಾಕಿ ಕೊನೇಲಿ ಕೆಲವು ಚೀಟಿ ಎತ್ತೋದು. ಚೀಟಿ ಎತ್ತೋದ್ರಲ್ಲಿ ಹೆಚ್ಚು ದುಡಿದವ್ರಿಗೆ ಹೆಚ್ಚು ಅವಕಾಶ, ಪುಡಿಗಾಸು ಹಂಚೋ ಗೋಳು ಇಲ್ಲ, ಆದ್ರೆ ಲಾಟರಿ ಕಾನೂನು ಒಂದೊಂದು ಕಡೆ ಒಂದೊಂದು ಥರ ಇರುತ್ತೆ, ಅದನ್ನ ನೋಡ್ಕೊಂಡೇ ಇಳೀಬೇಕು. ನನ್ನ ಒಲವು ವೋಟಿನ ಕಡೆ.

ಲಾಟರಿ ಅಂದ ಕೂಡ್ಲೇ ಒಂದು ಹಳೇ ಲೇಖನ ನೆನಪಾಗುತ್ತೆ. 1991ರಲ್ಲಿ ಕಿಸ್‌ಕಾಟರ್, ಡೆಸ್ಮೆಡ್ಟ್ ಅನ್ನೋ ಇಬ್ರು ಕ್ರಿಪ್ಟೋಗ್ರಾಫರ್‌ಗಳು ಚೈನೀಸ್ ಲಾಟರಿ ಅಂತ ಒಂದು ಕಲ್ಪನೆ ಬರೆದ್ರು. ಒಂದು ಸರ್ಕಾರ ಪ್ರತಿ ಟೀವಿ, ರೇಡಿಯೋ ಒಳಗೂ ಡಿಇಎಸ್ ಒಡೆಯೋ ಒಂದು ಚಿಪ್ ಕೂರಿಸುತ್ತೆ, ಒಡೀಬೇಕಾದ ಮೆಸೇಜನ್ನ ಪ್ರಸಾರ ಮಾಡುತ್ತೆ, ಯಾರ ಮನೆ ಸೆಟ್‌ನಲ್ಲಿ ಕೀ ಸಿಗುತ್ತೋ ಅವ್ರಿಗೆ ಬಹುಮಾನ. ನೂರಿಪ್ಪತ್ತು ಕೋಟಿ ಸೆಟ್, ಒಂದೊಂದು ಸೆಕೆಂಡಿಗೆ ಹತ್ತು ಲಕ್ಷ ಕೀ ನೋಡುತ್ತೆ ಅಂತ ಗುಣಿಸಿ ನೋಡಿ, ಇಡೀ 56 ಬಿಟ್ ಒಂದೇ ನಿಮಿಷದಲ್ಲಿ ಮುಗಿಯುತ್ತೆ. ನನಗೆ ಇದ್ರಲ್ಲಿ ಕಾಡೋದು ವೇಗ ಅಲ್ಲ. ಬಹುಮಾನ ಬಂತು ಅಂತ ಸಂತೋಷ ಪಡೋ ಮನೆಯವ್ರಿಗೆ ತಾವು ಯಾರ ಪತ್ರ ಬಿಚ್ಚೋಕೆ ಕೈಜೋಡಿಸಿದ್ದು ಅಂತ ಗೊತ್ತೇ ಇರಲ್ಲ.

ಅದಕ್ಕೇ ನಾನು ಪಟ್ಟು ಹಿಡಿದು ಹೇಳೋದು, ಏನನ್ನ ಒಡೀತಾ ಇದೀವಿ, ಯಾರದ್ದು, ಯಾಕೆ ಅನ್ನೋದು ಸ್ವಯಂಸೇವಕನಿಗೆ ಮೊದಲ ದಿನಾನೇ ಗೊತ್ತಿರಬೇಕು. ನಿಮ್ಮದು ನೀವೇ ಮಾಡಿಟ್ಟ ಮೆಸೇಜ್, ಸರಿ. 2006ರಲ್ಲಿ ಶುರುವಾದ ಎಂ4 ಪ್ರಾಜೆಕ್ಟ್ ಕೂಡ ಹಾಗೇ ಚೆನ್ನಾಗಿತ್ತು, 1942ರಲ್ಲಿ ಉತ್ತರ ಅಟ್ಲಾಂಟಿಕ್‌ನಲ್ಲಿ ಸಿಕ್ಕಿದ್ದ ಎನಿಗ್ಮಾ ಅನ್ನೋ ಗುಪ್ತಲಿಪಿ ಯಂತ್ರದ ಮೂರು ಜರ್ಮನ್ ಮೆಸೇಜ್‌ಗಳನ್ನ ಸ್ವಯಂಸೇವಕರ ಕಂಪ್ಯೂಟರ್‌ಗಳು ಒಡೆದ್ವು, ಎರಡು ಅದೇ ವರ್ಷ, ಮೂರನೇದು 2013ರಲ್ಲಿ. ಅಲ್ಲಿ ದುಡ್ಡಿನ ಮಾತೇ ಇರ್ಲಿಲ್ಲ, ಅರವತ್ತು ವರ್ಷ ಯಾರೂ ಓದದ ಸಾಲನ್ನ ಮೊದ್ಲು ಓದೋದೇ ಬಹುಮಾನ. ಆದ್ರೆ ಯಾರೋ ಬಂದು ‘ಇನ್ನೊಂದು ಫೈಲ್ ಇದೆ, ನಿಮ್ಮ ಗುಂಪಿನ ಕೈಯಲ್ಲಿ ಒಡೆಸಿ, ದುಡ್ಡು ಕೊಡ್ತೀನಿ’ ಅಂದ್ರೆ ಅದು ಯಾರದ್ದು ಅಂತ ತೋರಿಸೋವರೆಗೂ ಮುಟ್ಟಬೇಡಿ.

ಹಣ ಜಾಸ್ತಿ ಇಡ್ಬೇಡಿ ಅನ್ನೋಕೆ ಇನ್ನೊಂದು ಕಾರಣಾನೂ ಇದೆ. ಹಿಟ್‌ಗೆ ಇಷ್ಟು ಅಂತ ಒಳ್ಳೇ ರೇಟ್ ಕಟ್ಟಿದ ದಿನಾನೇ ತಮ್ಮದಲ್ಲದ ಕಂಪ್ಯೂಟರ್‌ಗಳನ್ನ ಜನ ತರೋಕೆ ಶುರು ಮಾಡ್ತಾರೆ, ಆಫೀಸಿನದ್ದು, ಕಾಲೇಜಿನದ್ದು, ಇನ್ನೂ ಕೆಟ್ಟದ್ದಂದ್ರೆ ವೈರಸ್ ಹಾಕಿ ಹಿಡ್ಕೊಂಡಿದ್ದು. ದುಡ್ಡಿನ ಆಸೆ ಇಲ್ದೇನೇ ಇದು ಎಷ್ಟು ದೂರ ಹೋಗ್ಬೋದು ಅಂತ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಆಯ್ತು. ಅಲ್ಲಿನ ಒಂದು ಸರ್ಕಾರಿ ಕಾಲೇಜಿನ ಕಂಪ್ಯೂಟರ್ ನೋಡ್ಕೊಳ್ತಿದ್ದವರು ಕಾಲೇಜಿನ ಮಷೀನ್‌ಗಳಲ್ಲಿ ಕೀ ಹುಡುಕೋ ಕ್ಲೈಂಟ್ ಹಾಕಿದ್ರು. ಬ್ಯಾಂಡ್‌ವಿಡ್ತ್‌ಗೆ ಸೆಕೆಂಡಿಗೆ 59 ಸೆಂಟ್ ಅಂತ ಲೆಕ್ಕ ಹಾಕಿ ನಾಲ್ಕು ಲಕ್ಷ ಡಾಲರ್ ಮೀರಿದ ನಷ್ಟ ಅಂತ ಕ್ರಿಮಿನಲ್ ಕೇಸ್ ಆಯ್ತು, ಕೊನೆಗೆ 2002ರಲ್ಲಿ ಒಂದು ವರ್ಷದ ಪ್ರೊಬೇಷನ್, 2,100 ಡಾಲರ್, 80 ಗಂಟೆ ಸಮುದಾಯ ಸೇವೆಗೆ ಮುಗೀತು. ಆ ಮೊತ್ತ ಅನ್ಯಾಯದ್ದು ಅಂತಾನೇ ನನ್ನ ಅಭಿಪ್ರಾಯ, ಆದ್ರೂ ಕೇಳ್ದೇ ಹಾಕಿದ್ದು ಹಾಕಿದ್ದೇ. ನಿಮ್ಮಲ್ಲಿ ಸೇರೋವಾಗ ‘ಇದು ನನ್ನ ಮಷೀನ್, ಅಥವಾ ಒಡೆಯರ ಒಪ್ಪಿಗೆ ಬರವಣಿಗೆಯಲ್ಲಿದೆ’ ಅಂತ ಒಂದು ಸಾಲಿಗೆ ಒಪ್ಪಿಗೆ ಹಾಕಿಸ್ಕೊಳ್ಳಿ. ಒಬ್ಬರ ಹೆಸರಲ್ಲೇ ಇದ್ದಕ್ಕಿದ್ದಂಗೆ ನೂರು ಮಷೀನ್ ಬಂದ್ರೆ ಕೇಳಿ.

ಕಾಲದ ಅಂದಾಜೂ ಕೊಟ್ಟುಬಿಡ್ತೀನಿ, ಯಾಕಂದ್ರೆ ಜನಕ್ಕೆ ಸುಳ್ಳು ಆಸೆ ತೋರಿಸೋದು ಬೇಡ. ಒಂದು ಕಂಪ್ಯೂಟರ್ ಸೆಕೆಂಡಿಗೆ 10 ಕೋಟಿ ಕೀ ನೋಡುತ್ತೆ ಅಂತ ಇಟ್ಕೊಂಡ್ರೆ ಒಂದು ಗೊಂಚಲಿಗೆ ಹನ್ನೊಂದೂವರೆ ನಿಮಿಷ, ಒಟ್ಟು ಗೊಂಚಲು 1,048,576, ಒಂದೇ ಕಂಪ್ಯೂಟರ್ ಆದ್ರೆ ಸುಮಾರು 23 ವರ್ಷ, 300 ಆದ್ರೆ ಬಿಡದೇ ಓಡಿಸಿದಾಗ 28 ದಿನ, ಸರಾಸರಿ ಅದ್ರ ಅರ್ಧದಲ್ಲೇ ಸಿಗುತ್ತೆ. ಹನಿ ಹನಿ ಕೂಡಿ ಹಳ್ಳ ಆಗೋದು ಅಂದ್ರೆ ಇದೇ. ಆದ್ರೆ ಯಾರಾದ್ರೂ ‘ಮುಂದಿನ ಸಲ 128 ಬಿಟ್ ಮಾಡೋಣ’ ಅಂದ್ರೆ ಒಪ್ಕೊಳ್ಬೇಡಿ. ನೂರು ಕೋಟಿ ಕಂಪ್ಯೂಟರ್, ಒಂದೊಂದೂ ಸೆಕೆಂಡಿಗೆ ಲಕ್ಷ ಕೋಟಿ ಕೀ ನೋಡಿದ್ರೂ ಪೂರ್ತಿ ಮುಗಿಯೋಕೆ ಸುಮಾರು ಸಾವಿರ ಕೋಟಿ ವರ್ಷ ಬೇಕು. ಯಾವ ಬಹುಮಾನಾನೂ ಅಲ್ಲಿ ಕೆಲಸಕ್ಕೆ ಬರಲ್ಲ.

ಜನ ಉಳ್ಕೊಳ್ಳೋದು ಲೆಕ್ಕದ ಮೇಲಿನ ನಂಬಿಕೆಯಿಂದ. ಪ್ರತಿದಿನ ಒಂದೇ ಹೊತ್ತಿಗೆ ಯಾರು ಎಷ್ಟು ಗೊಂಚಲು ಮುಗಿಸಿದ್ರು, ಎಷ್ಟು ಹಿಟ್, ಒಟ್ಟು ನೂರಕ್ಕೆ ಎಷ್ಟು ಆಯ್ತು ಅಂತ ಹಾಕಿ. ಯಾರದ್ದಾದ್ರೂ ಹಿಟ್ ಕಮ್ಮಿ ಬಂದ್ರೆ ಕಳ್ಳ ಅಂತ ಕೂಗಬೇಡಿ, ಓವರ್‌ಕ್ಲಾಕ್ ಮಾಡಿದ (ನಿಗದಿಗಿಂತ ಜಾಸ್ತಿ ವೇಗಕ್ಕೆ ಏರಿಸಿದ) ಮಷೀನ್‌ಗಳು, ಕೆಟ್ಟ ಮೆಮೊರಿ ಇರೋವು ತಪ್ಪು ಲೆಕ್ಕ ಮಾಡ್ತವೆ, ಮನುಷ್ಯ ನಿಯತ್ತಾಗೇ ಇರ್ತಾನೆ. ಸುಮ್ನೆ ಆ ಗೊಂಚಲನ್ನ ಇನ್ನೊಬ್ರಿಗೆ ಕೊಡಿ, ಅವ್ರಿಗೆ ಒಂದು ಮಾತು ಬರೆದು ತಿಳಿಸಿ.

ಇನ್ನೊಂದೇ ಒಂದು, ಕೀ ಸಿಕ್ಕಿದ ತಕ್ಷಣ ನಿಮಗೆ ಗೊತ್ತಾಗೋ ವ್ಯವಸ್ಥೆನ ಮೊದ್ಲೇ ಪರೀಕ್ಷೆ ಮಾಡಿ. ಆ 64 ಬಿಟ್ ಆರ್‌ಸಿ5 ಕೀನ ಟೋಕಿಯೋದ ಒಂದು 450 ಮೆಗಾಹರ್ಟ್ಸ್ ಪೆಂಟಿಯಮ್ 3 ಮಷೀನ್ 2002ರ ಜುಲೈ 14ಕ್ಕೇ ಸರ್ವರಿಗೆ ಕಳಿಸಿತ್ತು, ತಿಳಿಸಬೇಕಾದ ಸ್ಕ್ರಿಪ್ಟ್ ಕೆಟ್ಟಿದ್ರಿಂದ ಗೊತ್ತಾಗಿದ್ದು ಆಗಸ್ಟ್ 12ಕ್ಕೆ. ಆ ಒಂದು ತಿಂಗಳು ಅಷ್ಟೂ ಜನರ ಕಂಪ್ಯೂಟರ್‌ಗಳು ಆಗ್ಲೇ ಸಿಕ್ಕಿದ್ದನ್ನ ಹುಡುಕ್ತಾ ಕರೆಂಟ್ ಸುಟ್ಟವು. ನೀವು ನಿಮಗೆ ಗೊತ್ತಿರೋ ಕೀ ಹಾಕಿ ಒಂದು ಸಣ್ಣ ಮೆಸೇಜ್ ಮಾಡಿ, ಹತ್ತು ಸ್ನೇಹಿತರ ಮಷೀನಲ್ಲಿ ಒಂದು ರಾತ್ರಿ ಓಡಿಸಿ, ಕೀ ಬಂದಾಗ ನಿಮ್ಮ ಫೋನ್ ಬಡ್ಕೊಳ್ಳುತ್ತಾ, ಉಳಿದ ಒಂಬತ್ತು ಕ್ಲೈಂಟ್‌ಗಳು ತಾವಾಗೇ ನಿಲ್ಲುತ್ತವಾ ನೋಡಿ, ಎರಡೂ ಆದ್ಮೇಲೆ 300 ಜನರನ್ನ ಕರೀರಿ.